ಓತಿಕ್ಯಾತ ಎಷ್ಟು ಹೊತ್ತಿಗೆ ಬೇಲಿ ಹತ್ತುತ್ತದೆ? ಮನೆಯ ಸುತ್ತಲಿನ ಸರೀಸೃಪಗಳನ್ನು ಕಾಣುವ, ಕ್ಯಾಮೆರಾದಲ್ಲಿ ಹಿಡಿಯುವ ಬಗೆ

‘ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ’ ಎಂಬ ಗಾದೆಯನ್ನು ನಾವು ಒಬ್ಬ ಸುಳ್ಳುಗಾರನ ಪರವಾಗಿ ಅವನಂಥವನೇ ಇನ್ನೊಬ್ಬ ನಿಂತು ಮಾತನಾಡುವ ಸಂದರ್ಭಕ್ಕೆ ಬಳಸುತ್ತೇವೆ. ಗಾದೆಯ ವ್ಯಂಗ್ಯವನ್ನು ಕ್ಷಣಕಾಲ ಬದಿಗಿಟ್ಟು ನೋಡಿದರೆ, ಅದನ್ನು ಕಟ್ಟಿದವರು ಓತಿಕ್ಯಾತವನ್ನು ದಿನನಿತ್ಯ ಕಂಡವರೇ ಆಗಿರಬೇಕು ಎನಿಸುತ್ತದೆ. ಏಕೆಂದರೆ ಆ ಪ್ರಾಣಿ ನಿಜವಾಗಿಯೂ ಬೇಲಿಗೂಟವನ್ನು ಬಿಟ್ಟಿರುವುದಿಲ್ಲ. ಬೆಳಗಿನ ಎಳೆಬಿಸಿಲು ಮೊದಲು ತಾಗುವ, ಸುತ್ತಲಿನ ನೆಲ ಚೆನ್ನಾಗಿ ಕಾಣುವ, ಎದುರಾಳಿ ಗಂಡಿಗೆ ತಾನು ಕಾಣಿಸುವ ಎತ್ತರದ ಜಾಗವೊಂದು ಅದಕ್ಕೆ ಬೇಕು. ಈ ಮೂರೂ ಬೇಲಿಗೂಟದ ತುದಿಯಲ್ಲಿ ಒಟ್ಟಿಗೆ ಸಿಗುತ್ತವೆ. ಮನೆಯ ಸುತ್ತಮುತ್ತ ಹಾವು, ಹಲ್ಲಿ, ಓತಿಗಳನ್ನು ಕಂಡು ಅವುಗಳ ಒಳ್ಳೆಯ ಛಾಯಾಚಿತ್ರ ತೆಗೆಯಬೇಕೆನ್ನುವವರು ಕಲಿಯಬೇಕಾದುದು ಬಹುಮಟ್ಟಿಗೆ ಇದನ್ನೇ. ಪ್ರಾಣಿಯನ್ನು ಹುಡುಕಿಕೊಂಡು ಹೋಗುವುದಕ್ಕಿಂತ, ಯಾವ ಹೊತ್ತಿನಲ್ಲಿ ಯಾವ ಜಾಗದ ಬಿಸಿ ಅದಕ್ಕೆ ಬೇಕಾಗುತ್ತದೆ ಎಂಬುದನ್ನು ತಿಳಿದು ಅಲ್ಲಿ ಮೊದಲೇ ಹೋಗಿ ಕೂರುವುದು ಹೆಚ್ಚು ಫಲ ಕೊಡುತ್ತದೆ.

ಸರೀಸೃಪಗಳು ‘ಶೀತರಕ್ತ ಪ್ರಾಣಿಗಳು’ ಎಂದು ಶಾಲೆಯ ಪಾಠದಲ್ಲಿ ಓದಿದ್ದು ಎಲ್ಲರಿಗೂ ನೆನಪಿರುತ್ತದೆ. ಈ ಹೆಸರು ಅರ್ಧ ದಾರಿ ತಪ್ಪಿಸುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೆ ಮೊದಲು ಬಂಡೆಯ ಮೇಲೆ ಓಡಾಡುತ್ತಿರುವ ಓತಿಯ ರಕ್ತ ನಮ್ಮ ರಕ್ತದಷ್ಟೇ ಬಿಸಿಯಾಗಿರಬಲ್ಲದು. ವ್ಯತ್ಯಾಸವಿರುವುದು ಬಿಸಿಯ ಮೂಲದಲ್ಲಿ. ನಾವು ಉಂಡ ಅನ್ನದ ದೊಡ್ಡ ಪಾಲನ್ನು ದೇಹದೊಳಗೆ ಉರಿಸಿ ಮೈಯನ್ನು 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತೇವೆ. ಓತಿ ಆ ಬಿಸಿಯನ್ನು ಸೂರ್ಯನಿಂದಲೂ ಕಾದ ಕಲ್ಲಿನಿಂದಲೂ ಸಾಲ ಪಡೆಯುತ್ತದೆ. ಇದರಿಂದ ಅದಕ್ಕೊಂದು ಲಾಭವಿದೆ, ಒಂದು ಕಟ್ಟುಪಾಡೂ ಇದೆ. ಲಾಭವೆಂದರೆ ಅತಿ ಕಡಿಮೆ ಆಹಾರದಲ್ಲಿ ಬದುಕಬಹುದು. ಒಂದು ಇಲಿ ನುಂಗಿದ ಹಾವು ದಿನಗಟ್ಟಲೆ ಅಲುಗದೆ ಮಲಗಿರುವುದು ಇದೇ ಕಾರಣಕ್ಕೆ, ಮತ್ತು ಮೂವತ್ತು ಅಡಿ ಉದ್ದದ ಹಿತ್ತಿಲೊಂದು ಹಲವು ಜಾತಿಯ ಸರೀಸೃಪಗಳನ್ನು ಸಾಕಬಲ್ಲದ್ದೂ ಇದೇ ಕಾರಣಕ್ಕೆ. ಕಟ್ಟುಪಾಡೆಂದರೆ, ಮೈ ಕಾಯದೆ ಅದು ಓಡಲಾರದು, ಬೇಟೆಯಾಡಲಾರದು, ತಿಂದದ್ದನ್ನು ಅರಗಿಸಿಕೊಳ್ಳಲೂ ಆರದು. ಹೀಗಾಗಿ ಅದರ ದಿನವೆಲ್ಲ ಬಿಸಿಲು ಮತ್ತು ನೆರಳಿನ ನಡುವಿನ ಓಡಾಟವಾಗಿ ಹೋಗುತ್ತದೆ. ಈ ಓಡಾಟಕ್ಕೆ ಒಂದು ವೇಳಾಪಟ್ಟಿಯಿದೆ, ಅದನ್ನು ಮನುಷ್ಯರು ಓದಬಹುದು.

ನಮ್ಮ ಮನೆಯ ಕಾಂಪೌಂಡಿನ ಪೂರ್ವದ ಗೋಡೆಯನ್ನೇ ತೆಗೆದುಕೊಳ್ಳೋಣ. ಜನವರಿಯಲ್ಲಿ ಅಲ್ಲಿಗೆ ಓತಿಕ್ಯಾತ ಬರುವುದು ಎಂಟೂವರೆ ದಾಟಿದ ಮೇಲೆ. ಬಂದಾಗ ಅದರ ಮೈ ಒದ್ದೆ ಮರದ ತೊಗಟೆಯಂತೆ ಕಪ್ಪುಗಂದಾಗಿರುತ್ತದೆ, ಪಕ್ಕೆಗಳನ್ನು ಅಗಲಿಸಿ ದೇಹವನ್ನು ಚಪ್ಪಟೆ ಮಾಡಿಕೊಂಡು, ಬಿಸಿಲಿಗೆ ಬೆನ್ನಿನ ಪೂರ್ತಿ ಅಗಲವನ್ನು ಒಡ್ಡಿರುತ್ತದೆ. ಗಾಢ ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆ ಎಂಬುದು ಕಪ್ಪು ಕೊಡೆ ಹಿಡಿದವರಿಗೆಲ್ಲ ಗೊತ್ತಿರುವ ಸಂಗತಿ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅದೇ ಪ್ರಾಣಿ ತಿಳಿಕಂದು, ಆಮೇಲೆ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಪಕ್ಕೆಗಳು ಒಳಸೇರುತ್ತವೆ, ಮುಂಗಾಲುಗಳ ಮೇಲೆ ಮೈ ಎತ್ತಿ ನಿಲ್ಲುತ್ತದೆ. ಇನ್ನು ಅದು ಇರುವೆ ಹಿಡಿಯಲು ಸಿದ್ಧವಾಗಿದೆ ಎಂದರ್ಥ, ನಮ್ಮಿಂದ ಓಡಲೂ ಸಿದ್ಧವಾಗಿದೆ ಎಂದರ್ಥ. ಅಂದರೆ ಓತಿಯ ಬಣ್ಣ ದೂರದಿಂದಲೇ ಓದಬಹುದಾದ ಒರಟು ಉಷ್ಣಮಾಪಕ. ಏಪ್ರಿಲ್‌ನಲ್ಲಿ ಈ ಪೂರ್ತಿ ನಾಟಕ ಏಳು ಗಂಟೆಯ ಸುಮಾರಿಗೇ ಮುಗಿದು, ಹನ್ನೊಂದರ ಹೊತ್ತಿಗೆ ಅದೇ ಗೋಡೆ ಖಾಲಿಯಾಗಿರುತ್ತದೆ. ಓತಿ ನುಗ್ಗೆಮರದ ನೆರಳಿನ ಬದಿಗೆ ಸರಿದಿರುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕ್ಯಾಮೆರಾ ಹಿಡಿದು ಹೊರಟು ‘ನಮ್ಮ ಕಡೆ ಏನೂ ಇಲ್ಲ’ ಎಂದು ಹಿಂದಿರುಗುವವರು ಹೋಗಿರುವುದು ಅಂಗಡಿ ಬಾಗಿಲು ಮುಚ್ಚಿದ ಮೇಲೆ.

ಗಂಡು ಓತಿಕ್ಯಾತದ ತಲೆ, ಹೆಗಲು ಕೆಂಪೇರುವುದು ಬಿಸಿಗಾಗಿ ಅಲ್ಲ. ಅದು ಮಳೆಗಾಲದ ಮೊದಲು ಶುರುವಾಗಿ ಕೆಲವು ತಿಂಗಳು ನಡೆಯುವ ಸಂತಾನಕಾಲದ ಪ್ರದರ್ಶನ. ಆಗ ಗಂಡು ಗೂಟದ ಮೇಲೆ ನಿಂತು ದಂಡ ಹೊಡೆಯುವ ಪೈಲ್ವಾನನಂತೆ ಮೈಯನ್ನು ಮೇಲೆ ಕೆಳಗೆ ಮಾಡುತ್ತದೆ. ‘ನಮಾಜು ಮಾಡುತ್ತದೆ’, ‘ನಮಸ್ಕಾರ ಹಾಕುತ್ತದೆ’ ಎಂದು ಮಕ್ಕಳು ಹೇಳುವುದು ಇದನ್ನೇ. ಛಾಯಾಗ್ರಾಹಕನಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಏಕೆಂದರೆ ಪ್ರದೇಶ ಕಾಯುವ ಗಂಡು ಬೆದರಿ ಇಳಿದರೂ ಹತ್ತು ನಿಮಿಷದೊಳಗೆ ಬಹುತೇಕ ಅದೇ ಗೂಟಕ್ಕೆ ಮರಳುತ್ತದೆ. ಹೆಣ್ಣು ಸಡಿಲ ಮಣ್ಣಿನಲ್ಲಿ ಗುಳಿ ತೋಡಿ ಹತ್ತು ಇಪ್ಪತ್ತು ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ, ತಲೆಯಿಂದ ಒತ್ತಿ ಸಮತಟ್ಟು ಮಾಡಿ ಹೋಗುವುದನ್ನು ಹೂವಿನ ಕುಂಡದಲ್ಲಿಯೇ ಕಾಣಬಹುದು.

ಹಗಲಿನ ಈ ಕಷ್ಟವೆಲ್ಲ ಬೇಡವೆನ್ನುವವರಿಗೆ ರಾತ್ರಿ ಸುಲಭ. ಓತಿಕ್ಯಾತ ರಾತ್ರಿ ತೆಳ್ಳನೆಯ ಕೊಂಬೆಯ ತುದಿಯಲ್ಲಿ, ಹುಲ್ಲಿನ ಉದ್ದ ಕಡ್ಡಿಯ ಮೇಲೆ, ಬಳ್ಳಿಯ ಮೇಲೆ ಮಲಗುತ್ತದೆ. ಹಾವೋ ಬೆಕ್ಕೋ ಬುಡದಿಂದ ಹತ್ತಿ ಬಂದರೆ ತುದಿ ಅಲುಗಿ ಎಚ್ಚರವಾಗಲಿ ಎಂಬ ಏರ್ಪಾಡು ಇದೆಂದು ತಿಳಿಯಲಾಗಿದೆ. ಟಾರ್ಚಿನ ಬೆಳಕಿಗೆ ಮಲಗಿದ ಓತಿ ಎಲೆಗಳ ನಡುವೆ ಬಿಳಿಚಿಕೊಂಡಂತೆ ಕಾಣುತ್ತದೆ. ಊಸರವಳ್ಳಿಯಂತೂ ಹಗಲಿನಲ್ಲಿ ಎದುರೇ ಇದ್ದರೂ ಕಣ್ಣಿಗೆ ಬೀಳದ್ದು ರಾತ್ರಿ ಮಲ್ಲಿಗೆ ಮೊಗ್ಗಿನ ಬಣ್ಣಕ್ಕೆ ತಿರುಗಿ ಹತ್ತು ಮೀಟರ್ ದೂರದಿಂದಲೇ ಸಿಕ್ಕಿಬೀಳುತ್ತದೆ. ಇಲ್ಲಿ ಹೆಸರಿನ ಗೊಂದಲವನ್ನೂ ಹೇಳಬೇಕು. ಊಸರವಳ್ಳಿ, ಗೋಸುಂಬೆ ಎಂಬ ಎರಡೂ ಮಾತುಗಳನ್ನು ನಮ್ಮಲ್ಲಿ ಅನೇಕರು ಓತಿಕ್ಯಾತಕ್ಕೂ ಬಳಸುತ್ತಾರೆ. ಎರಡು ಕಣ್ಣುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸುವ, ಇಕ್ಕಳದಂಥ ಪಾದದ, ಸುರುಳಿ ಬಾಲದ, ಹೆಜ್ಜೆಗೊಮ್ಮೆ ತೂಗುತ್ತ ನಡೆಯುವ ಪ್ರಾಣಿಯೇ ನಿಜವಾದ ಊಸರವಳ್ಳಿ. ನಮ್ಮ ಬಯಲುಸೀಮೆಯ ಕುರುಚಲು ಕಾಡು, ಹೊಲದ ಬೇಲಿಗಳಲ್ಲಿ ಅದು ಈಗಲೂ ಇದೆ. ಹಾಗೆಯೇ, ಟಾರ್ಚು ಹಿಡಿದಾಗ ಹುಲ್ಲಿನಲ್ಲಿ ಹಸಿರು ನಕ್ಷತ್ರಗಳಂತೆ ಮಿನುಗುವುದು ಹಾವಿನ ಕಣ್ಣುಗಳೆಂದು ಹೆದರಬೇಕಾಗಿಲ್ಲ, ಅವು ನೆಲದ ಜೇಡಗಳ ಕಣ್ಣುಗಳು. ಹಾವಿನ ಕಣ್ಣು ಹಾಗೆ ಮಿನುಗುವುದಿಲ್ಲ, ಆದ್ದರಿಂದಲೇ ಹೆಜ್ಜೆ ಇಡುವ ಜಾಗವನ್ನು ಮೊದಲು ನೋಡಬೇಕು.

ಎಲ್ಲಿ ಹುಡುಕಬೇಕೆಂಬುದು ಊರಿಂದ ಊರಿಗೆ ಬೇರೆಯಾಗುತ್ತದೆ. ಬೆಂಗಳೂರು, ತುಮಕೂರು, ಕೋಲಾರ, ರಾಮನಗರಗಳ ಕಲ್ಲುಗುಡ್ಡಗಳಲ್ಲಿ ಬಂಡೆ ಓತಿ ಇದೆ. ಅದರ ಗಂಡು ಸಂತಾನಕಾಲದಲ್ಲಿ ಬೆನ್ನಿಗೆ ಕಿತ್ತಳೆಗೆಂಪು, ಪಕ್ಕೆ ಕಾಲುಗಳಿಗೆ ಅಚ್ಚಗಪ್ಪು ಬಳಿದುಕೊಂಡು ಬೆಣಚುಕಲ್ಲಿನ ಮೇಲೆ ಕೂರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಪ್ರಾಣಿಯನ್ನು ವರ್ಷಗಳಿಂದ ಗಮನಿಸುತ್ತ ಬಂದಿದ್ದಾರೆ. ಹೆಣ್ಣನ್ನು ಒಲಿಸುವಾಗ ಮತ್ತು ಎದುರಾಳಿ ಗಂಡಿನೊಂದಿಗೆ ಸೆಣಸುವಾಗ ಅದು ಬೇರೆ ಬೇರೆ ಬಣ್ಣಗಳನ್ನು ತೊಡುತ್ತದೆಂದೂ, ನಗರದ ಅಂಚಿನಲ್ಲಿ ಬೆಳೆದ ಬಂಡೆ ಓತಿಗಳು ಹಳ್ಳಿಗಾಡಿನವುಗಳಿಗಿಂತ ಬೇಗನೆ ಸುರಕ್ಷಿತ ಅಡಗುತಾಣವನ್ನು ಗುರುತಿಸಲು ಕಲಿಯುತ್ತವೆಂದೂ ಅವರು ತೋರಿಸಿದ್ದಾರೆ. ಸೈಟಿನ ಮೂಲೆಯಲ್ಲಿ ಸುರಿದ ಸೈಜುಗಲ್ಲಿನ ರಾಶಿಯೂ ಅದಕ್ಕೆ ಬೆಟ್ಟವೇ. ಬೆಂಗಳೂರು ಮೈಸೂರಿನ ಹಳೆಯ ಮನೆಗಳ ಗೋಡೆ, ಮರದ ಬುಡಗಳಲ್ಲಿ ಬೆರಳುದ್ದವೂ ಇಲ್ಲದ, ಗುಂಡನೆಯ ಪಾಪೆಯ ಪುಟ್ಟ ಹಲ್ಲಿಯೊಂದಿದೆ. ಮನೆಯೊಳಗಿನ ಹಲ್ಲಿಯ ಪಾಪೆ ಹಗಲಿನಲ್ಲಿ ಬೆಕ್ಕಿನದರಂತೆ ಸೀಳಾಗಿರುತ್ತದೆ. 1853ರಲ್ಲಿಯೇ ವಿಜ್ಞಾನದ ದಾಖಲೆ ಸೇರಿದ ಆ ಪುಟ್ಟ ಹಲ್ಲಿಯ ಲ್ಯಾಟಿನ್ ಹೆಸರಿನಲ್ಲಿ ಮೈಸೂರು ಇದೆ, ಆದರೂ ಮೈಸೂರಿನವರಲ್ಲಿ ಇದನ್ನು ಗುರುತಿಸುವವರು ವಿರಳ. ಬೆಳಗಾವಿ, ಧಾರವಾಡಗಳ ಕಡೆಯ ಬಯಲುಗಳಲ್ಲಿ ಬೇಸಿಗೆಯ ಹೊತ್ತಿಗೆ ಗಂಟಲ ಕೆಳಗೆ ನೀಲಿ, ಕಪ್ಪು, ಕಿತ್ತಳೆ ಬಣ್ಣದ ಬೀಸಣಿಗೆ ಬಿಚ್ಚುವ ಪುಟ್ಟ ಓತಿಗಳನ್ನು ನೋಡಬಹುದು. ಮಲೆನಾಡಿನ ಅಡಕೆ ತೋಟದಲ್ಲಿ ಕತ್ತೆತ್ತಿ ಕಾಂಡಗಳನ್ನು ನೋಡುತ್ತ ನಡೆದರೆ, ಪಕ್ಕೆಲುಬುಗಳು ಆಧರಿಸಿದ ಪೊರೆಯನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿ ಎದುರಾಗುತ್ತದೆ. ಗಂಡು ಗಂಟಲಿನ ಹಳದಿ ಚೀಲವನ್ನು ಚಾಚಿದಾಗ ಮಾತ್ರ ಅದು ತೊಗಟೆಯಿಂದ ಬೇರೆಯಾಗಿ ಕಾಣುತ್ತದೆ.

ಹಾವುಗಳ ವಿಷಯದಲ್ಲಿ ‘ಹುಡುಕುವುದು’ ಎಂಬ ಮಾತೇ ಸರಿಯಲ್ಲ. ಸೌದೆ ರಾಶಿ, ಬಣವೆ, ತೆಂಗಿನ ಗರಿಯ ಗುಡ್ಡೆ, ಹುತ್ತಗಳಿಗೆ ಕೈ ಹಾಕಿ ಹಾವು ಹುಡುಕುವವನು ಚಿತ್ರಕ್ಕಿಂತ ಮೊದಲು ಆಸ್ಪತ್ರೆ ಸೇರುತ್ತಾನೆ. ಕಾದು ನೋಡಬೇಕಾದ ಜಾಗಗಳು ಬೇರೆ. ಕೆರೆ ಏರಿಯ ಕಲ್ಲುಗಳ ನಡುವೆ ನೀರೊಳ್ಳೆ ಹಾವು ತಲೆಯಷ್ಟನ್ನೇ ಹೊರಗಿಟ್ಟು ಕಪ್ಪೆಗಾಗಿ ಕಾಯುತ್ತಿರುತ್ತದೆ, ಗದ್ದೆಯ ಬದುವಿನಲ್ಲಿ ಕೇರೆ ಹಗಲಿನಲ್ಲೇ ಓಡಾಡುತ್ತದೆ, ಬೇಲಿಯ ಬಳ್ಳಿಯಲ್ಲಿ ಹಸಿರು ಹಾವು ಗಾಳಿಗೆ ತೂಗುವ ಚಿಗುರಿನಂತೆ ತೂಗುತ್ತದೆ. ಎರಡು ಹಾವುಗಳು ಹುರಿಗೊಂಡು ನೆಟ್ಟಗೆ ಏಳುವ ದೃಶ್ಯ ಸಿಕ್ಕರೆ ಅದು ಛಾಯಾಗ್ರಾಹಕನ ಪುಣ್ಯ. ಊರಿನವರು ಅದನ್ನು ನಾಗರ ಮತ್ತು ಕೇರೆಯ ಮಿಲನವೆಂದು ಹೇಳಿದರೂ ಬಹುತೇಕ ಅವೆರಡೂ ಗಂಡು ಕೇರೆಗಳು, ನಡೆಯುತ್ತಿರುವುದು ಕುಸ್ತಿ.

ಹಾವನ್ನು ಕಾಣದೆಯೇ ಹಾವನ್ನು ಅರಿಯುವ ದಾರಿಯೊಂದಿದೆ, ಹೊಸಬರಿಗೆ ನಾನು ಅದನ್ನೇ ಮೊದಲು ಸೂಚಿಸುತ್ತೇನೆ: ಹಾವು ಬಿಟ್ಟುಹೋದ ಪೊರೆ. ಹಿತ್ತಿಲಿನ ಕಲ್ಲುಸಂದಿಯಲ್ಲಿ ಸಿಕ್ಕ ಪೊರೆಯನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಕಿಟಕಿಯ ಬೆಳಕಿನಲ್ಲಿ ಹತ್ತಿರದಿಂದ ಚಿತ್ರ ತೆಗೆಯಿರಿ. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಮುಚ್ಚಿರುವುದು ಒಂದು ಪಾರದರ್ಶಕ ಹುರುಪೆ, ಪೊರೆಯ ತಲೆಭಾಗದಲ್ಲಿ ಅದು ಕೈಗಡಿಯಾರದ ಪುಟ್ಟ ಗಾಜಿನಂತೆ ಉಳಿದಿರುತ್ತದೆ. ನಡುಮೈಯಲ್ಲಿ ಬೆನ್ನಿನ ಹುರುಪೆಗಳನ್ನು ಒಂದು ಬದಿಯ ಹೊಟ್ಟೆಯಂಚಿನಿಂದ ಇನ್ನೊಂದು ಬದಿಯ ಹೊಟ್ಟೆಯಂಚಿನವರೆಗೆ ಓರೆಯಾಗಿ ಎಣಿಸಿದರೆ ಸಾಮಾನ್ಯವಾಗಿ ಕೇರೆಯಲ್ಲಿ 16 ಅಥವಾ 17, ನಾಗರದಲ್ಲಿ 21ರಿಂದ 25, ಕೊಳಕುಮಂಡಲದಲ್ಲಿ 27ರಿಂದ 33 ಸಾಲುಗಳು ಸಿಗುತ್ತವೆ. ಮಂಡಲದ ಬೆನ್ನಿನ ಹುರುಪೆಗಳ ಮಧ್ಯದಲ್ಲಿ ಉದ್ದಕ್ಕೆ ಒಂದೊಂದು ಏಣೂ ಇರುತ್ತದೆ, ಬೆರಳಾಡಿಸಿದರೆ ಒರಟಾಗಿ ತಾಗುತ್ತದೆ, ನಾಗರದ್ದು ನುಣುಪು. ‘ಹಿತ್ತಿಲಲ್ಲಿ ನಾಗರ ಇದೆ’ ಎಂದು ಮನೆಮಂದಿಯೆಲ್ಲ ನಿದ್ದೆಗೆಟ್ಟ ಸಂದರ್ಭಗಳಲ್ಲಿ ಎಣಿಕೆ 17ಕ್ಕೆ ನಿಂತು ಎಲ್ಲರೂ ನಿರಾಳವಾದದ್ದನ್ನು ಕಂಡಿದ್ದೇನೆ. ಪೊರೆ ಎಳೆದು ಕಳಚುವಾಗ ಹಿಗ್ಗುತ್ತದೆ, ಹಾಗಾಗಿ ಹಾವು ಪೊರೆಯಷ್ಟು ಉದ್ದ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಈಗ ಹತ್ತಿರ ಹೋಗುವ ವಿಚಾರ. ಪ್ರತಿಯೊಂದು ಪ್ರಾಣಿಗೂ ತಾನು ಓಡಲು ನಿರ್ಧರಿಸುವ ಒಂದು ಅಂತರವಿರುತ್ತದೆ, ಆ ಅಂತರ ಸ್ಥಿರವಲ್ಲ. ನೇರವಾಗಿ ತನ್ನತ್ತ ಬರುವವನಿಂದ ಅದು ದೂರದಲ್ಲಿರುವಾಗಲೇ ಓಡುತ್ತದೆ, ಓರೆಯಾಗಿ ಪಕ್ಕದಲ್ಲಿ ಹಾದುಹೋಗುವವನನ್ನು ಹೆಚ್ಚು ಹತ್ತಿರಕ್ಕೆ ಬಿಡುತ್ತದೆ. ಬಿರುಸಾಗಿ ಬರುವವನಿಗಿಂತ ನಿಧಾನವಾಗಿ ಬರುವವನನ್ನು ಸಹಿಸುತ್ತದೆ. ಅಡಗುತಾಣ ದೂರವಿದ್ದಷ್ಟೂ ಬೇಗ ಓಡುತ್ತದೆ. ದಿನವೂ ಜನ ತಿರುಗಾಡುವ ಉದ್ಯಾನದ ಓತಿ ಕುಗ್ರಾಮದ ಗುಡ್ಡದ ಓತಿಗಿಂತ ಧೈರ್ಯವಂತ, ಮನೆ ಹತ್ತಿರವೇ ಛಾಯಾಗ್ರಹಣ ಕಲಿಯುವುದರ ದೊಡ್ಡ ಅನುಕೂಲ ಇದು. ಆದ್ದರಿಂದ ಓತಿಯ ಕಡೆಗೆ ಗುರಿಯಿಟ್ಟು ನಡೆಯಬಾರದು. ಬೇರೆಲ್ಲೋ ಹೊರಟವರಂತೆ ಅಡ್ಡಡ್ಡ ಹೆಜ್ಜೆ ಹಾಕುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಪ್ರತಿ ನಿಲುಗಡೆಯಲ್ಲಿ ಒಂದು ಚಿತ್ರ ತೆಗೆಯುತ್ತ ಮುಂದುವರಿಯಬೇಕು. ನಮ್ಮ ನೆರಳು ಅದರ ಮೇಲೆ ಬಿದ್ದರೆ ಆಟ ಮುಗಿಯಿತು. ಹದ್ದಿನ ನೆರಳಿಗೂ ನಮ್ಮ ನೆರಳಿಗೂ ಅದು ವ್ಯತ್ಯಾಸ ಕಾಣುವುದಿಲ್ಲ. ಮರದ ಮೇಲಿನ ಓತಿ ಓಡುವುದಕ್ಕಿಂತ ಕಾಂಡದ ಆಚೆ ಬದಿಗೆ ಸರಿಯುತ್ತದೆ, ನಾವು ಸುತ್ತಿದಷ್ಟೂ ಅದೂ ಸುತ್ತುತ್ತದೆ. ಆಗ ಇದ್ದಲ್ಲೇ ಕೂತುಬಿಡುವುದು ಮೇಲು. ಐದು ನಿಮಿಷದಲ್ಲಿ ಮೊದಲು ಒಂದು ಕಣ್ಣು, ಆಮೇಲೆ ಪೂರ್ತಿ ತಲೆ ಈಚೆ ಬರುತ್ತದೆ. ನಾನು ತೆಗೆದ ಚಿತ್ರಗಳಲ್ಲಿ ನನಗೆ ಇಂದಿಗೂ ಮೆಚ್ಚಿಕೆಯಾದದ್ದು ಹಾಗೆ ಇಣುಕಿದ ಒಂದು ಕಣ್ಣಿನದು.

ಕ್ಯಾಮೆರಾದ ಲೆಕ್ಕಾಚಾರವನ್ನು ಒಂದು ಉದಾಹರಣೆಯಿಂದ ವಿವರಿಸುವುದು ಉತ್ತಮ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಓತಿಯ ತಲೆ ಮತ್ತು ಅರ್ಧ ದೇಹ, ಅಂದರೆ ಸುಮಾರು 11 ಸೆಂಟಿಮೀಟರ್ ಅಗಲದ ದೃಶ್ಯ ಚೌಕಟ್ಟು ತುಂಬಬೇಕೆಂದುಕೊಳ್ಳಿ. ಅದರ ಸೆನ್ಸರ್, ಅಂದರೆ ಚಿತ್ರ ಮೂಡುವ ಫಲಕ, 36 ಮಿಲಿಮೀಟರ್ ಅಗಲವಿರುವುದರಿಂದ ಪ್ರಾಣಿ ಅದರ ಮೇಲೆ ನಿಜ ಅಳತೆಯ ಮೂರನೆಯ ಒಂದು ಭಾಗವಾಗಿ ಮೂಡುತ್ತದೆ. ಈ ಅಳತೆಯಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು), ಎಫ್ 8ಕ್ಕೆ ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚೆಂದರೆ 6 ಮಿಲಿಮೀಟರ್, ಎಫ್ 16 ಇಟ್ಟರೂ 12 ಮಿಲಿಮೀಟರ್ ಮೀರುವುದಿಲ್ಲ. ಓತಿ ನಮ್ಮತ್ತ ಮುಖ ಮಾಡಿದ್ದರೆ ಮೂತಿಯ ತುದಿಯಿಂದ ಕಣ್ಣಿನವರೆಗಿನ ದೂರವೇ ಎಫ್ 8ರ ಆಳಕ್ಕಿಂತ ಹೆಚ್ಚು. ಹಾಗಾಗಿ ಎರಡು ತೀರ್ಮಾನಗಳು ತಾವಾಗಿಯೇ ಹೊರಡುತ್ತವೆ: ಫೋಕಸ್ ಕಣ್ಣಿನ ಮೇಲೇ ಇರಬೇಕು, ಮತ್ತು ಪ್ರಾಣಿಯ ಪಕ್ಕೆ ಸೆನ್ಸರಿಗೆ ಸಮಾನಾಂತರವಾಗಿ ನಿಲ್ಲುವ ಕ್ಷಣಕ್ಕಾಗಿ ಕಾಯಬೇಕು. ಮೂತಿ ಮಸುಕಾಗಿ ಕಣ್ಣು ಸ್ಪಷ್ಟವಿರುವ ಚಿತ್ರವನ್ನು ನೋಡುಗ ಒಪ್ಪುತ್ತಾನೆ, ಕಣ್ಣು ಮಸುಕಾದ ಚಿತ್ರವನ್ನು ಯಾರೂ ಒಪ್ಪುವುದಿಲ್ಲ.

ಇದೇ ಅಳತೆಯ ಚಿತ್ರವನ್ನು ಪುಟ್ಟ ವಸ್ತುಗಳನ್ನು ಹತ್ತಿರದಿಂದ ತೆಗೆಯುವ 100 ಮಿಲಿಮೀಟರಿನ ಮ್ಯಾಕ್ರೊ ಲೆನ್ಸಿನಿಂದ ಅರ್ಧ ಮೀಟರಿಗಿಂತ ಹತ್ತಿರ ಹೋಗಿ ತೆಗೆಯಬಹುದು, ದೂರದ್ದನ್ನು ಹತ್ತಿರ ತೋರಿಸುವ 300 ಮಿಲಿಮೀಟರಿನ ಟೆಲಿ ಲೆನ್ಸಿನಿಂದ ಒಂದೂವರೆ ಮೀಟರ್ ದೂರದಲ್ಲೇ ನಿಂತು ಹೆಚ್ಚುಕಡಿಮೆ ತೆಗೆಯಬಹುದು. ಮನೆ ಹಲ್ಲಿ, ಮಲಗಿದ ಓತಿಗಳಿಗೆ ಮ್ಯಾಕ್ರೊ ಸಾಕು. ಹಗಲಿನ ಎಚ್ಚರದ ಓತಿಗೂ ಎಲ್ಲ ಹಾವುಗಳಿಗೂ ಟೆಲಿ ಲೆನ್ಸೇ ಸರಿ, ಅದರ ಹತ್ತಿರದ ಫೋಕಸ್ ಸಾಲದಿದ್ದರೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಟೊಳ್ಳು ಎಕ್ಸ್‌ಟೆನ್ಷನ್ ಟ್ಯೂಬ್ ಕಡಿಮೆ ಖರ್ಚಿನ ಉಪಾಯ. ಮೊಬೈಲಿನಲ್ಲಿ ತೆಗೆಯುವವರು ಎರಡು ಪಟ್ಟು ಅಥವಾ ಮೂರು ಪಟ್ಟು ಹತ್ತಿರ ತೋರಿಸುವ ಪ್ರತ್ಯೇಕ ಲೆನ್ಸಿದ್ದರೆ ಅದನ್ನೇ ಬಳಸಬೇಕು. ಮ್ಯಾಕ್ರೊ ಎಂದು ಮೊಬೈಲ್ ಕಂಪನಿಗಳು ಕೊಡುವ ಸೌಲಭ್ಯಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಸಮೀಪ ಹೋಗಬೇಕು; ಅದು ಹೂವಿಗೆ ಸರಿ, ಹಲ್ಲಿಗೆ ಸರಿಯಲ್ಲ. ಪರದೆಯ ಮೇಲೆ ಪ್ರಾಣಿಯ ಕಣ್ಣಿರುವ ಜಾಗವನ್ನು ಒತ್ತಿ ಹಿಡಿದು ಫೋಕಸ್ ಬಂಧಿಸಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಎಳೆದರೆ ಬಿಸಿಲಿನಲ್ಲಿ ಹುರುಪೆಗಳ ವಿವರ ಉಳಿಯುತ್ತದೆ.

ಕ್ಯಾಮೆರಾದ ಎತ್ತರವೂ ಮುಖ್ಯ. ನಿಂತು ಕೆಳಗೆ ನೋಡಿ ತೆಗೆದ ಹಾವುರಾಣಿಯ ಚಿತ್ರ ಪೊಲೀಸರ ಮಹಜರಿನಂತೆ ಇರುತ್ತದೆ. ಅದೇ ಪ್ರಾಣಿಯನ್ನು ನೆಲಕ್ಕೆ ಎದೆಯೂರಿ ಅದರ ಕಣ್ಣಿನ ಮಟ್ಟದಿಂದ ತೆಗೆದರೆ ತರಗೆಲೆಗಳು ಬೆಟ್ಟವಾಗುತ್ತವೆ, ಪ್ರಾಣಿಗೊಂದು ಊರು ಸಿಗುತ್ತದೆ. ಹಾವುರಾಣಿಯ ಹೊಳೆಯುವ ಮೈಗೆ ನೇರ ಫ್ಲಾಶ್ ಹೊಡೆದರೆ ಪ್ರತಿ ಹುರುಪೆಯ ಮೇಲೂ ಒಂದು ಬಿಳಿ ಚುಕ್ಕೆ ಬೀಳುತ್ತದೆ, ಅದನ್ನು ತಪ್ಪಿಸಲು ಫ್ಲಾಶಿನ ಮುಂದೆ ಬಟರ್ ಪೇಪರ್ ಕಟ್ಟಿದರೂ ಸಾಕು. ಮೋಡ ಕವಿದ ದಿನದ ಬೆಳಕು ಇದಕ್ಕಿಂತಲೂ ಒಳ್ಳೆಯದು, ಆದರೆ ಅಂಥ ದಿನ ಓತಿಗಳು ಹೊರಬರುವುದೇ ತಡ. ಬಿಸಿಲು ಅವುಗಳಿಗೆ ಎಷ್ಟು ಬೇಕೋ ಚಿತ್ರಕ್ಕೆ ಅಷ್ಟು ಬೇಡ ಎಂಬ ಈ ತಿಕ್ಕಾಟದಲ್ಲಿ ಬೆಳಗಿನ ಮೊದಲ ಒಂದು ಗಂಟೆಯೇ ಇಬ್ಬರಿಗೂ ಒಪ್ಪಿಗೆಯಾಗುವ ರಾಜಿ.

ಚಿತ್ರದ ಆಸೆಗೆ ಮಾಡಬಾರದ್ದನ್ನು ಮಾಡುವವರು ಇದ್ದಾರೆ, ಒಮ್ಮೆ ನಾನೂ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಕಲ್ಲಿನಡಿ ಸರಿದ ಹಾವುರಾಣಿಯನ್ನು ಹೊರಗೆ ಕಾಣಲೆಂದು ಕಲ್ಲೆತ್ತಿದೆ, ಬೆರಳು ತಾಗಿತು, ಬಾಲ ಕಳಚಿ ನನ್ನೆದುರು ಮಿಡುಕಾಡುತ್ತ ಉಳಿಯಿತು, ಪ್ರಾಣಿ ಹೋಯಿತು. ಬಾಲ ಮತ್ತೆ ಬೆಳೆಯುತ್ತದೆ ನಿಜ, ಆದರೆ ಅದರಲ್ಲಿ ಕೂಡಿಟ್ಟ ಕೊಬ್ಬು ಹೋಗಿರುತ್ತದೆ, ಮತ್ತೊಂದು ಬೆಳೆಯುವತನಕ ಬೆಕ್ಕಿನಿಂದ ತಪ್ಪಿಸಿಕೊಳ್ಳುವ ಉಪಾಯವೂ ಹೋಗಿರುತ್ತದೆ. ಹಲ್ಲಿಯನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸಿ ಎಲೆಯ ಮೇಲೆ ಕೂರಿಸಿ ತೆಗೆಯುವ ಚಿತ್ರಗಳು ನೋಡಿದವರಿಗೆ ಗೊತ್ತಾಗುತ್ತವೆ. ನಿಶಾಚರಿಯೊಂದು ಹಗಲಿನಲ್ಲಿ ಹೂವಿನ ಮೇಲೆ ಪೋಸು ಕೊಡುವುದಿಲ್ಲ. ಹೆಡೆಯೆತ್ತಿದ ನಾಗರದ ಚಿತ್ರಕ್ಕೆ ನಮ್ಮಲ್ಲಿರುವ ಮೋಹವೂ ಮರುವಿಚಾರಕ್ಕೆ ತಕ್ಕದ್ದು. ಹೆಡೆ ಎಂದರೆ ಹಾವಿನ ಭಂಗಿಯಲ್ಲ, ‘ಇನ್ನು ಮುಂದೆ ಬರಬೇಡ’ ಎಂಬ ಅದರ ಮಾತು. ಹೆಡೆಯ ಚಿತ್ರ ತೆಗೆದವನು ತಾನು ಮಿತಿ ಮೀರಿದ್ದಕ್ಕೆ ತಾನೇ ಸಾಕ್ಷ್ಯ ಒದಗಿಸಿದಂತೆ.

ಕಾನೂನು ಕೂಡ ಇಲ್ಲಿ ಸಾಮಾನ್ಯರು ಊಹಿಸುವುದಕ್ಕಿಂತ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಲ್ಲುವುದಷ್ಟೇ ಅರ್ಥವಲ್ಲ. ಹಿಡಿಯುವುದು, ಅಟ್ಟುವುದು, ಎರೆ ಇಟ್ಟು ಸೆಳೆಯುವುದು, ಸರೀಸೃಪಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದು ಎಲ್ಲವೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಉಡ, ಹೆಬ್ಬಾವುಗಳು ಅತ್ಯಂತ ಕಟ್ಟುನಿಟ್ಟಾದ ಮೊದಲ ಅನುಸೂಚಿಯಲ್ಲಿವೆ. ಸುಮ್ಮನೆ ದೂರದಿಂದ ಕಂಡದ್ದನ್ನು ಚಿತ್ರಿಸುವುದಕ್ಕೆ ಮನೆಯಂಗಳದಲ್ಲಿ ಯಾರ ಅನುಮತಿಯೂ ಬೇಡ, ಪ್ರಾಣಿಯನ್ನು ಹಿಡಿದು ಜಾಗ ಬದಲಿಸಿ ಚಿತ್ರಿಸುವುದು ಅಪರಾಧದ ಕಡೆಗೆ ಇಟ್ಟ ಹೆಜ್ಜೆ.

ಅಪಾಯದ ಮಾತನ್ನು ಚುಟುಕಾಗಿ, ಆದರೆ ಖಚಿತವಾಗಿ ಹೇಳಬೇಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು ಅಂದಾಜಿಸಲಾಗಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಪ್ರತಿವಿಷ ನಮ್ಮಲ್ಲಿ ಇದೆ. ಹಾವಿನ ಉದ್ದಕ್ಕಿಂತ ಕನಿಷ್ಠ ಎರಡರಷ್ಟು ದೂರ, ಸಣ್ಣ ಹಾವಾದರೂ ಎರಡು ಮೀಟರಿಗೆ ಕಡಿಮೆಯಿಲ್ಲದ ದೂರ ಕಾಯ್ದುಕೊಳ್ಳಬೇಕು. ವ್ಯೂಫೈಂಡರಿನಲ್ಲಿ ಕಣ್ಣಿಟ್ಟವನಿಗೆ ದೂರದ ಅಂದಾಜು ತಪ್ಪುತ್ತದೆ, ಆದ್ದರಿಂದ ಹಾವಿನ ಬಳಿ ಒಬ್ಬರೇ ಹೋಗದೆ ಹಾವನ್ನೇ ನೋಡುತ್ತಿರುವ ಇನ್ನೊಬ್ಬರನ್ನು ಜೊತೆಗಿಟ್ಟುಕೊಳ್ಳಬೇಕು. ಕಣ್ಣು ಹಾಲುನೀಲಿಯಾಗಿ ಮಂಜಾಗಿರುವ ಹಾವು ಪೊರೆ ಕಳಚುವ ಹಂತದಲ್ಲಿದೆ, ಅದಕ್ಕೆ ಸರಿಯಾಗಿ ಕಾಣದು, ಬೇಗ ರೇಗುತ್ತದೆ. ಅದನ್ನು ಬಿಟ್ಟು ಬರಬೇಕು. ಕಡಿತವಾದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಡಿದ ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು.

ಕಟ್ಟುಹಾವಿನ ವಿಷಯದಲ್ಲಿ ಚಿತ್ರದ ಉಪಯೋಗ ಎದ್ದು ಕಾಣುತ್ತದೆ. ಮನೆಯೊಳಗೆ ರಾತ್ರಿ ಬರುವ, ಮೈಮೇಲೆ ಬಿಳಿ ಪಟ್ಟೆಗಳಿರುವ ಹಾವು ನಿರಪಾಯಕಾರಿ ತೋಳಹಾವೂ ಆಗಿರಬಹುದು, ಮಾರಕವಾದ ಕಟ್ಟುಹಾವೂ ಆಗಿರಬಹುದು. ತೋಳಹಾವಿನ ಪಟ್ಟೆಗಳು ಕತ್ತಿನಿಂದಲೇ ಆರಂಭವಾಗಿ ಬಾಲದ ಕಡೆಗೆ ಮಾಸುತ್ತವೆ, ಕಟ್ಟುಹಾವಿನವು ಸಾಮಾನ್ಯವಾಗಿ ಕತ್ತಿನಿಂದ ಸ್ವಲ್ಪ ಕೆಳಗೆ ಶುರುವಾಗಿ ಬಾಲದ ಕಡೆಗೆ ಸ್ಪಷ್ಟವಾಗುತ್ತವೆ. ಆದರೆ ಪಟ್ಟೆಗಳನ್ನಷ್ಟೇ ನಂಬಬಾರದು. ಕಟ್ಟುಹಾವಿನ ಬೆನ್ನಿನ ನಟ್ಟನಡುವಿನ ಸಾಲಿನಲ್ಲಿ ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡದಾಗಿ ಷಟ್ಕೋನಾಕಾರದಲ್ಲಿರುತ್ತವೆ, ತೋಳಹಾವಿಗೆ ಹಾಗಿರುವುದಿಲ್ಲ. ದೂರದಿಂದ ತೆಗೆದ ಒಂದು ಸ್ಪಷ್ಟ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಈ ಸಾಲು ಕಾಣುತ್ತದೆ, ಬಲ್ಲವರಿಗೆ ಕಳಿಸಿದರೆ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಬರುವವರೆಗೆ ಅದನ್ನು ಕಟ್ಟುಹಾವೆಂದೇ ಎಣಿಸಬೇಕು. ಗುರುತಿಗಾಗಿ ತೆಗೆಯುವ ಚಿತ್ರಕ್ಕೆ ಸೌಂದರ್ಯ ಬೇಡ. ತಲೆಯ ಪಾರ್ಶ್ವ, ಬೆನ್ನಿನ ಮೇಲ್ನೋಟ, ಪೂರ್ತಿ ದೇಹ, ಈ ಮೂರು ಕೋನಗಳು ಸಿಕ್ಕರೆ ಹೆಚ್ಚಿನ ಜಾತಿಗಳು ಗುರುತಾಗುತ್ತವೆ.

ಹೀಗೆ ಸಂಗ್ರಹವಾದ ಚಿತ್ರಗಳನ್ನು ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳಂಥ, ಜನರು ಕಂಡ ಜೀವಿಗಳನ್ನು ದಾಖಲಿಸುವ ಅಂತರ್ಜಾಲ ತಾಣಗಳಿಗೆ ಸೇರಿಸಿದರೆ ಅವು ದಾಖಲೆಗಳಾಗುತ್ತವೆ. ನಾವು ಹೆಸರು ಗೊತ್ತೆಂದುಕೊಂಡ ಪ್ರಾಣಿಗಳ ಹೆಸರುಗಳೇ ಬದಲಾಗುತ್ತಿರುವ ಕಾಲ ಇದು. ಪಶ್ಚಿಮಘಟ್ಟದ ಕಾಳಿಂಗ ಸರ್ಪ ಬೇರೆಯದೇ ಪ್ರಭೇದವೆಂದು 2024ರಲ್ಲಿ ಪ್ರಕಟವಾಯಿತು, ಅದರ ವೈಜ್ಞಾನಿಕ ಹೆಸರಿನ ಎರಡನೆಯ ಪದ ನಮ್ಮ ‘ಕಾಳಿಂಗ’ವೇ. ಆದರೆ ಎಲ್ಲ ಜಾಗಗಳನ್ನೂ ಎಲ್ಲರಿಗೂ ಹೇಳಬಾರದು. ಮೊಬೈಲಿನ ಚಿತ್ರದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಅಡಗಿರುತ್ತವೆ. ಎರಡು ತಲೆಯ ಹಾವೆಂದು ಕರೆಯುವ ಮಣ್ಣುಮುಕ್ಕ ಹಾವನ್ನು ಅದೃಷ್ಟ ತರುತ್ತದೆಂಬ ಮೂಢನಂಬಿಕೆಗೆ ತೂಕ ಹಾಕಿ ಮಾರುವವರೂ, ನಕ್ಷತ್ರ ಆಮೆಯನ್ನು ಸಾಕಲೆಂದು ಕದ್ದು ಸಾಗಿಸುವವರೂ ಅಂಥ ಚಿತ್ರಗಳನ್ನು ನೋಡುತ್ತಾರೆ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲಿ ಪೂರ್ತಿಯಾಗಿ ನಿಷೇಧಿಸುವಷ್ಟು ಈ ಕಳ್ಳಸಾಗಣೆ ಬೆಳೆದಿತ್ತು. ಇವೆರಡರ ಚಿತ್ರ ಹಂಚುವ ಮೊದಲು ಸ್ಥಳದ ಮಾಹಿತಿಯನ್ನು ಅಳಿಸಿ, ಜಿಲ್ಲೆಯ ಹೆಸರನ್ನಷ್ಟೇ ಬರೆಯುವುದು ಕ್ಷೇಮ.

ಸ್ಥಳವನ್ನು ಮರೆಮಾಡಬಹುದು, ಹೊತ್ತನ್ನು ಮಾತ್ರ ಸರಿಯಾಗಿ ಬರೆದಿಡಬೇಕು. ಪ್ರಾಣಿ ಎಷ್ಟು ಗಂಟೆಗೆ ಕಂಡಿತು, ಬಿಸಿಲಿತ್ತೋ ಮೋಡವಿತ್ತೋ, ಯಾವ ಬಣ್ಣದಲ್ಲಿತ್ತು, ಕಲ್ಲಿನ ಮೇಲಿತ್ತೋ ಕೊಂಬೆಯ ಮೇಲೋ, ಇಷ್ಟನ್ನು ಒಂದು ವರ್ಷ ಬರೆದವರ ಬಳಿ ಅವರ ಮನೆಯ ಸುತ್ತಲಿನ ಸರೀಸೃಪಗಳ ವೇಳಾಪಟ್ಟಿ ತಾನಾಗಿ ಸಿದ್ಧವಾಗಿರುತ್ತದೆ. ಕ್ಯಾಮೆರಾದ ಗಡಿಯಾರವನ್ನು ಮೊದಲು ಸರಿಪಡಿಸಿಕೊಳ್ಳಿ. ಹೊಸ ಬ್ಯಾಟರಿ ಹಾಕಿದ ಮೇಲೆ ಬೆಳಗು ಸಂಜೆಗಳನ್ನು ಅದಲುಬದಲು ಮಾಡಿಟ್ಟ ಕಾರಣ, ನನ್ನ ದಾಖಲೆಗಳಲ್ಲಿ ಒಂದು ಇಡೀ ಫೆಬ್ರವರಿ ತಿಂಗಳು ಓತಿಕ್ಯಾತಗಳು ರಾತ್ರಿ ಎಂಟೂವರೆಗೆ ಗೋಡೆ ಹತ್ತಿ ಬಿಸಿಲು ಕಾಯಿಸುತ್ತಿವೆ.